ಯಂತ್ರವೂ ಷಷ್ಠೀ ವಿಭಕ್ತಿಯೂ

ಪಾಠಶಾಲೆಯಲ್ಲಿ ಶ್ಲೋಕಕ್ಕೆ ಅನ್ವಯ ಹೇಳಿಸುವಾಗ ನಮ್ಮ ಗುರುಗಳು ಪದಪದಕ್ಕೂ ಪ್ರಶ್ನೆ ಹಾಕುತ್ತಿದ್ದರು: ಕಃ? ಕಿಮ್? ಕದಾ? ಕಸ್ಯ? ಕೊನೆಯದಕ್ಕೆ ತಡವರಿಸಿದವನಿಗೆ ಕ್ಷಮೆಯಿರಲಿಲ್ಲ. “ಯಾರದೆಂದು ತಿಳಿಯದುದನ್ನು ಕಟ್ಟಿಕೊಂಡು ಏನು ಮಾಡುತ್ತೀಯೋ?” ಎನ್ನುವರು. ಐವತ್ತು ವರ್ಷಗಳ ಮೇಲೆ ಆ ಮಾತು ನನಗೆ ಮತ್ತೆ ನೆನಪಾಯಿತು.

ನನ್ನ ಪತ್ನಿಗೆ ರಕ್ತದೊತ್ತಡವುಂಟು. ಮೈಸೂರಿನಲ್ಲಿರುವ ಮಗನು ತೋಳಿಗೆ ಪಟ್ಟಿ ಸುತ್ತುವ ಯಂತ್ರವೊಂದನ್ನು ತಂದುಕೊಟ್ಟಿದ್ದಾನೆ. ಅಳತೆ ಮುಗಿಯುವಷ್ಟರಲ್ಲಿ ಅಂಕಿಗಳು ಬ್ಲೂಟೂತ್ ಎಂಬ ತಂತಿಯಿಲ್ಲದ ಮಾರ್ಗದಿಂದ ಆಕೆಯ ಮೊಬೈಲನ್ನೂ, ಅಲ್ಲಿಂದ ಮಗನ ಮೊಬೈಲನ್ನೂ ಸೇರುವುವು.

ಕಳೆದ ಮಾಘಮಾಸದಲ್ಲಿ ನಾಲ್ಕಾರು ದಿನ ನನಗೆ ತಲೆ ತಿರುಗುತ್ತಿದ್ದಿತು. ಯಾರಿಗೂ ಹೇಳಲಿಲ್ಲ. ಒಂದು ಸಂಜೆ ಆಕೆ ಮೊಬೈಲನ್ನು ಮನೆಯಲ್ಲಿಯೇ ಬಿಟ್ಟು ದೇವಸ್ಥಾನಕ್ಕೆ ಹೋಗಿದ್ದಾಗ, ಕಳ್ಳನಂತೆ ಪಟ್ಟಿಯನ್ನು ಸುತ್ತಿಕೊಂಡೆನು. 178 ಎಂದು ತೋರಿತು. ಯಂತ್ರವನ್ನು ಇದ್ದಲ್ಲಿಯೇ ಇಟ್ಟು ಸುಮ್ಮನಾದೆನು.

ರಾತ್ರಿ ಊಟವಾದ ಮೇಲೆ ಮಗನ ಕರೆ ಬಂದಿತು. “ಅಮ್ಮಾ, ಸಂಜೆ ನಿನಗೆ 178 ಇದೆ. ಡಾಕ್ಟರಿಗೆ ತಿಳಿಸಿದೆ. ಇನ್ನೂ ಅರ್ಧ ಮಾತ್ರೆ ತೆಗೆದುಕೊಳ್ಳಬೇಕಂತೆ.” ಬೆಳಿಗ್ಗೆ ಆಕೆಗೆ ಇದ್ದುದು 118. “ಸಂಜೆ ನಾನು ನೋಡಿಕೊಂಡೇ ಇಲ್ಲವಲ್ಲ” ಎಂದಳು. ಆದರೂ ಮಗನ ಮಾತಿಗಿಂತ ತನ್ನ ಮರೆವನ್ನೇ ನಂಬಿ ಮಾತ್ರೆಯನ್ನು ಮುರಿದಳು. ಅದು ಅಂಗೈಯಲ್ಲಿದ್ದಿತು. ಗುರುಗಳು ಎದುರಿಗೆ ನಿಂತು ‘ಕಸ್ಯ?’ ಎಂದಂತಾಯಿತು. “ಅದು ನನ್ನದು, ತೆಗೆದುಕೊಳ್ಳಬೇಡ” ಎಂದೆನು.

ಮರುವಾರ ಬಂದ ಮಗನು ಒಳಗಿನ ಮರ್ಮವನ್ನು ತಿಳಿಸಿದನು. ಬೇರೆ ಬೇರೆ ಕಾರ್ಖಾನೆಗಳ ಯಂತ್ರಗಳು ಒಂದೇ ಮೊಬೈಲಿನೊಡನೆ ಮಾತನಾಡಬೇಕಾದರೆ ಅವಕ್ಕೆ ಸಮಾನವಾದೊಂದು ವ್ಯಾಕರಣ ಬೇಕು. ರಕ್ತದೊತ್ತಡದ ಯಂತ್ರಗಳಿಗೆ ಬ್ಲೂಟೂತ್ ಸಂಸ್ಥೆಯು 2011ರಲ್ಲಿ ಅಂಥದೊಂದನ್ನು ಗೊತ್ತುಮಾಡಿತು. ಅದರಂತೆ ಸಂಖ್ಯೆಯೊಡನೆ ಅದರ ಮಾನವನ್ನು ಹೇಳಲೇಬೇಕು. ಏಕೆಂದರೆ ಪಾದರಸದ 120 ಮಿಲಿಮೀಟರೂ 16 ಕಿಲೊಪ್ಯಾಸ್ಕಲ್ಲೂ ಒಂದೇ ಒತ್ತಡವಷ್ಟೆ. ಆದರೆ ಅಳೆದ ಹೊತ್ತು, ನಾಡಿಯ ಗತಿ, ಅಳತೆ ಯಾರದು ಎಂಬಿವು ಐಚ್ಛಿಕ. ಯಾರೆಂದು ತಿಳಿಯದಿದ್ದಲ್ಲಿ 255 ಎಂದು ಬರೆಯುವ ಏರ್ಪಾಡೂ ಉಂಟು. ಅಜ್ಞಾತನನ್ನು ಅಜ್ಞಾತನೆಂದೇ ಹೇಳುವ ಈ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. ನಮ್ಮ ಮನೆಯ ತಂತ್ರಾಂಶವೋ, ಬಂದುದನ್ನೆಲ್ಲ ಮೊಬೈಲಿನ ಒಡತಿಯ ಹೆಸರಿಗೇ ಬರೆದುಕೊಳ್ಳುತ್ತಿದ್ದಿತು.

ನಾಡಿ ಹಿಡಿದು ನೋಡುತ್ತಿದ್ದ ಪಂಡಿತರು ‘ಇದು ಯಾರ ನಾಡಿ?’ ಎಂದು ಕೇಳಬೇಕಾಗಿರಲಿಲ್ಲ. ಕೈ ಅವರ ಕೈಯಲ್ಲಿಯೇ ಇರುತ್ತಿದ್ದಿತು. ಅಳತೆಯು ಕೈಯನ್ನು ಬಿಟ್ಟು ದೂರ ಹೊರಟಾಗ ಹೆಸರೂ ಅದರ ಬೆನ್ನಿಗೇ ಹೋಗಬೇಕು. ಆದರೆ ತಪ್ಪನ್ನೆಲ್ಲ ಯಂತ್ರದ ತಲೆಗೆ ಕಟ್ಟಲಾರೆ. ಅದು ಸುಳ್ಳಾಡಲಿಲ್ಲ; ಮುಚ್ಚಿಟ್ಟವನು ನಾನು.

ಈಗ ಮಗನು ಇಬ್ಬರ ಹೆಸರನ್ನೂ ಬೇರೆಬೇರೆಯಾಗಿ ಬರೆದಿಟ್ಟಿದ್ದಾನೆ. ನನಗೂ ಮಾತ್ರೆ ಗೊತ್ತಾಗಿದೆ. ಪ್ರತಿದಿನ ಬೆಳಿಗ್ಗೆ ಪಟ್ಟಿಯನ್ನು ನನ್ನ ತೋಳಿಗೆ ಆಕೆಯೇ ಸುತ್ತುತ್ತಾಳೆ, ಸ್ವಲ್ಪ ಬಿಗಿಯಾಗಿಯೇ.