ಗುಡ್ಡಾಪುರದ ದಾರಿಯಲ್ಲಿ ಕಾಲು ತೀಡುವ ಕೈಗಳು

ಛಟ್ಟಿ ಅಮಾವಾಸ್ಯೆಗೆ ಇನ್ನೊಂದೇ ರಾತ್ರಿ. ವಿಜಯಪುರ ಬಿಟ್ಟು, ತಿಕೋಟಾ ಹಾದು, ಈಗ ನೀವು ಜತ್ತ ತಾಲೂಕಿನೊಳಗೆ ನಡೆಯುತ್ತಿದ್ದೀರಿ. ಬೋರ್ಡುಗಳೆಲ್ಲ ಮರಾಠಿ. ಚಹಾ ಕೊಡುವವನ ಮಾತು ನಿಮ್ಮೂರಿನದೇ ಕನ್ನಡ. ಹಿಂದೆ ಮುಂದೆ ಚಾದರ ಹೊದ್ದ ಜನ, ಎಲ್ಲರೂ ಗುಡ್ಡಾಪುರದ ದಾನಮ್ಮನ ಗುಡಿಗೆ ಹೊರಟವರು. ಥಂಡಿ ಗಾಳಿ ಬಿಟ್ಟಿದೆ. ನಿನ್ನೆ ಸಂಜೆ ಬರೀ ಬಿಗಿದುಕೊಂಡಿದ್ದ ಮೀನಖಂಡ ಈಗ ಹೆಜ್ಜೆ ಹೆಜ್ಜೆಗೂ ಚುಚ್ಚುತ್ತಿದೆ.

ರಸ್ತೆ ಪಕ್ಕದಲ್ಲೊಂದು ಪೆಂಡಾಲು. ನೆಲಕ್ಕೆ ತಾಡಪತ್ರಿ ಹಾಸಿದ್ದಾರೆ. ಒಲೆಯ ಮೇಲಿನ ಬೋಗುಣಿಯಲ್ಲಿ ಕುಸುಬಿ ಎಣ್ಣೆ, ಅದರಲ್ಲಿ ಕಂದುಬಣ್ಣಕ್ಕೆ ತಿರುಗಿದ ಬೆಳ್ಳುಳ್ಳಿ. ಆ ಬದಿಗೆ ಹೆಣ್ಣುಮಕ್ಕಳ ಕಾಲು ತೀಡುವ ಹೆಣ್ಣುಮಕ್ಕಳು, ಈ ಬದಿಗೆ ಗಂಡಸರು. ಯಾರೂ ದುಡ್ಡು ಮುಟ್ಟುವುದಿಲ್ಲ. ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ದಾನ ಮಾಡಿ ಮಾಡಿಯೇ ದಾನಮ್ಮ ಎನಿಸಿಕೊಂಡಳೆಂದು ನಂಬುವವರು ಅವರು. ಅವಳ ಹತ್ತಿರ ಹೋಗುವವರ ಕಾಲು ಮುಟ್ಟಿ ದುಡ್ಡು ಕೇಳುವುದುಂಟೇ?

"ಬರ್ರಿ, ಕಾಲ ಚಾಚ್ರಿ. ಎರಡೂ ಚಾಚ್ರಿ."

ಕರೆದವರು ವಸ್ತಾದ ಕಾಕಾ. ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸಿದವರು. ಎರಡೂ ಕಿವಿ ಮಡಚಿ ಗಟ್ಟಿಯಾಗಿವೆ. ವರ್ಷಗಟ್ಟಲೆ ಎದುರಾಳಿಯ ತಲೆಗೆ ತಲೆ ಕೊಟ್ಟು ಉಜ್ಜಿದ ಕಿವಿಗಳು. ಎಣ್ಣೆಗೆ ಕೈ ಹಾಕುವ ಮೊದಲು ಅವರು ನಿಮ್ಮ ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಅಂಗೈ ತಿರುಗಿಸಿ, ಬೆರಳಿನ ಹಿಂಬದಿಯಿಂದ ಒಂದು ಮೀನಖಂಡ ಮುಟ್ಟಿ, ಆಮೇಲೆ ಇನ್ನೊಂದನ್ನು ಮುಟ್ಟುತ್ತಾರೆ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಕುಳಿ ಬೀಳುತ್ತದೆಯೇ ಎಂದು ನೋಡುತ್ತಾರೆ. ಒಂದೇ ಕಾಲು ಬಾತು, ಬಿಸಿಯಾಗಿ, ಬಣ್ಣ ತಿರುಗಿದ್ದರೆ ಅವರು ಎಣ್ಣೆ ಮುಟ್ಟುವುದೇ ಇಲ್ಲ, ದವಾಖಾನೆಗೆ ಕಳಿಸುತ್ತಾರೆ. ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ತಿಕ್ಕಿದಾಗ ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗಿ ಜೀವ ತೆಗೆಯಬಹುದು. ಕಾಲು ತೀಡಲು ಕೂತವರೆಲ್ಲ ಮೊದಲು ಕಲಿಯಬೇಕಾದದ್ದು ಇದು, ಹಲವರು ಕಲಿಯದೇ ಇರುವುದೂ ಇದೇ.

ನಿಮ್ಮ ಕಾಲು ಎರಡೂ ಒಂದೇ ಸಮ ಇವೆ. ಈಗ ಎಣ್ಣೆ. ಹಿಮ್ಮಡಿಯಿಂದ ಮೇಲಕ್ಕೆ ಅಂಗೈ ಪೂರಾ ಊರಿ ಹಗುರವಾಗಿ ಎಳೆಯುತ್ತಾರೆ, ಮತ್ತೆ ಎಳೆಯುತ್ತಾರೆ. ಎಳೆತ ಯಾವಾಗಲೂ ಮೇಲ್ಮುಖ, ಎದೆಯ ದಿಕ್ಕಿಗೆ. ಚರ್ಮ ಬೆಚ್ಚಗಾದ ಮೇಲೆ ಎರಡೂ ಕೈಯಿಂದ ಮೀನಖಂಡ ಹಿಡಿದು, ರೊಟ್ಟಿಗೆ ಜೋಳದ ಹಿಟ್ಟು ನಾದುವಂತೆ ನಾದುತ್ತಾರೆ. ಮೊಣಕಾಲ ಹಿಂದಿನ ಕುಳಿ ಬಂದಾಗ ಕೈ ಎತ್ತಿ ಅದನ್ನು ದಾಟಿಸುತ್ತಾರೆ. ಅಲ್ಲಿ ರಕ್ತನಾಳ, ನರ ಚರ್ಮದ ಹತ್ತಿರವೇ ಹಾಯ್ದಿವೆ, ಒತ್ತಬಾರದ ಜಾಗ ಅದು. ಹೊಳ್ಳಿ ಕೆಳಗೆ ಬಂದ ಹೆಬ್ಬೆರಳು ನಡುವೆ ಒಂದು ಕಡೆ ನಿಲ್ಲುತ್ತದೆ.

"ಇಲ್ಲೇ ನೂಸಾಕತ್ತೈತಿ ಅಲ್ಲ?"

ನೀವು ಹೂಂ ಅನ್ನುವಷ್ಟರಲ್ಲಿ ಒತ್ತಿ ಹಿಡಿದಿದ್ದಾರೆ. ತಿಕ್ಕುತ್ತಿಲ್ಲ, ಬರೀ ಹಿಡಿದಿದ್ದಾರೆ. ನೋವು ಏರಿ, ನಿಂತು, ಮೆಲ್ಲಗೆ ಇಳಿಯುತ್ತದೆ. ಅವರ ಕಣ್ಣು ನಿಮ್ಮ ಕಾಲ್ಬೆರಳ ಮೇಲಿದೆ. ಬೆರಳು ಒಳಕ್ಕೆ ಮಡಚಿತೆಂದರೆ ಒತ್ತಡ ಹೆಚ್ಚಾಯಿತೆಂದೇ ಲೆಕ್ಕ, ಕೂಡಲೇ ಕೈ ಸಡಿಲಿಸುತ್ತಾರೆ. "ಉಸಿರು ಹಿಡೀಬ್ಯಾಡ್ರಿ. ಉಸಿರು ಹಿಡದ್ರ ಮೈಯೆಲ್ಲಾ ಬಿಗಿತೈತಿ."

ಹೀಗೆ ಎಳೆಯುವುದಕ್ಕೆ ಎಫ್ಲುರಾಜ್, ನಾದುವುದಕ್ಕೆ ಪೆಟ್ರಿಸಾಜ್ ಎಂಬ ಫ್ರೆಂಚ್ ಹೆಸರುಗಳನ್ನು ಬಳಕೆಗೆ ತಂದ ಕೀರ್ತಿ ಡಚ್ ವೈದ್ಯ ಯೋಹಾನ್ ಮೆಜ್ಗರ್ (1838–1909) ಅವರಿಗೆ ಸಲ್ಲುತ್ತದೆ. ಫಿಸಿಯೊಥೆರಪಿ ಓದುವವರು ಇಂದಿಗೂ ಅವನ್ನೇ ಬಾಯಿಪಾಠ ಮಾಡುತ್ತಾರೆ. ಕಾಕಾನ ಕೈಗೆ ಅವೆರಡೂ ತಾಲೀಮಿನ ಕೆಂಪು ಮಣ್ಣಿನಲ್ಲೇ ಬಂದಿವೆ.

ಪಕ್ಕದಲ್ಲಿ ಕೂತವರು, ತಿಕ್ಕಿದರೆ ಕಾಲಲ್ಲಿ ತುಂಬಿದ ಕೆಟ್ಟ ರಕ್ತ ಹರಿದು ಹೋಗುತ್ತದೆ ಎನ್ನುತ್ತಾರೆ. ಲ್ಯಾಕ್ಟಿಕ್ ಆಮ್ಲ ಎನ್ನುತ್ತಾನೆ ಕಾಲೇಜು ಹುಡುಗನೊಬ್ಬ. ಎರಡೂ ಅಲ್ಲ. ಆ ಆಮ್ಲ ದಣಿವಾರಿಸಿಕೊಂಡ ಸುಮಾರು ಒಂದು ಗಂಟೆಯೊಳಗೆ ತಾನಾಗಿಯೇ ಕರಗಿ ಹೋಗುತ್ತದೆ. ರೂಢಿಯಿಲ್ಲದ ನಡಿಗೆಯಲ್ಲಿ ಸ್ನಾಯುವಿನ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ, ಅದರ ನೋವು ಎರಡನೇ ಮೂರನೇ ದಿನಕ್ಕೆ ತುದಿ ಮುಟ್ಟುತ್ತದೆ. ನಿಮಗೆ ಈಗ ಆಗುತ್ತಿರುವುದು ಇದು. ತೀಡಿದಾಗ ಹಿತವೆನಿಸುವುದೇಕೆ ಎಂಬುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಒಂದು ವಿವರಣೆ ಕೊಟ್ಟರು: ಸ್ಪರ್ಶದ ಸುದ್ದಿ ಬೆನ್ನುಹುರಿಗೆ ಬಂದಾಗ ನೋವಿನ ಸುದ್ದಿಗೆ ದಾರಿ ಕಿರಿದಾಗುತ್ತದೆ. ಹರಿದ ಎಳೆ ಕೂಡಲು ದಿನಗಳೇ ಬೇಕು. ಇವತ್ತಿನ ತೀಡುವಿಕೆ ನಿಮ್ಮನ್ನು ಗುಡಿಯವರೆಗೆ ನಡೆಸಬಲ್ಲದು, ಅಷ್ಟಕ್ಕೇ ಅದು ದೊಡ್ಡ ಉಪಕಾರ.

ಅಷ್ಟರಲ್ಲಿ ಇಬ್ಬರು ಹೆಣ್ಣುಮಕ್ಕಳು ನಡುವಯಸ್ಸಿನ ತಾಯಿಯೊಬ್ಬಳನ್ನು ರಟ್ಟೆ ಹಿಡಿದು ತರುತ್ತಾರೆ. ಕತ್ತಲಲ್ಲಿ ರಸ್ತೆ ಅಂಚಿನ ತಗ್ಗಿಗೆ ಕಾಲಿಟ್ಟು ಪಾದ ಒಳಮುಖವಾಗಿ ಹೊರಳಿದೆ. ಹೊರಗಿನ ಗಿಣ್ಣು ಬಾವಿನಲ್ಲಿ ಮುಚ್ಚಿಹೋಗಿದೆ.

"ಕಾಕಾ, ಜರಾ ಜೋರಾಗಿ ತಿಕ್ಕಿ ನರ ಕುಂದರಿಸ್ರಿ. ಕೂಗಿದ್ರೂ ಬಿಡಬ್ಯಾಡ್ರಿ."

"ಇಲ್ಲವ್ವಾ. ಇವತ್ತ ಇದನ್ನ ತಿಕ್ಕೂದಿಲ್ಲ."

ಸುತ್ತ ಕೂತವರಿಗೆ ಆಶ್ಚರ್ಯ. ಇಷ್ಟು ಹೊತ್ತು ಎಲ್ಲರ ಕಾಲು ತೀಡಿದವರು ನಿಜವಾಗಿ ಉಳುಕಿದ ಕಾಲು ಬಂದಾಗ ಎಣ್ಣೆಯ ಕೈ ಒರೆಸಿಕೊಳ್ಳುತ್ತಿದ್ದಾರೆ. ನನಗೆ ಅವರ ಮೇಲೆ ಗೌರವ ಮೂಡಿದ್ದು ಇಲ್ಲಿ. ಎಲುಬಿಗೆ ಎಲುಬು ಕಟ್ಟಿದ ಅಸ್ಥಿರಜ್ಜು ಹರಿದಿದೆ, ಸಣ್ಣ ರಕ್ತನಾಳಗಳು ಒಳಗೆ ಇನ್ನೂ ಜಿನುಗುತ್ತಿವೆ. ಈಗ ಬಿಸಿ ಎಣ್ಣೆ, ಜೋರು ತಿಕ್ಕು ಎರಡೂ ಆ ರಕ್ತವನ್ನು ಹೆಚ್ಚಿಸುತ್ತವೆ. ಮೊದಲ 48ರಿಂದ 72 ಗಂಟೆ ಈ ಜಾಗಕ್ಕೆ ಮಾಲೀಶು ಕೂಡದು.

ಕಾಕಾ ಗಿಣ್ಣಿನ ಹಿಂಬದಿಯ ಅಂಚನ್ನು ಮೆಲ್ಲಗೆ ಒತ್ತಿ ಕೇಳುತ್ತಾರೆ: ಒಳಗಿನದು, ಹೊರಗಿನದು, ಆಮೇಲೆ ಪಾದದ ಹೊರ ಅಂಚಿನ ನಡುವೆ ಉಬ್ಬಿದ ಎಲುಬು. ನೋವು ಎಲುಬಿನ ಮೇಲಿಲ್ಲ, ಅದರ ಮುಂದಿನ ಮೆತ್ತನೆಯ ಭಾಗದಲ್ಲಿದೆ. "ಎದ್ದ ನಿಲ್ರಿ. ನಾಕ ಹೆಜ್ಜಿ ಇಡ್ರಿ." ಕುಂಟುತ್ತ ನಾಲ್ಕು ಹೆಜ್ಜೆ ಇಡುತ್ತಾಳೆ. ಕೆನಡಾದ ಒಟಾವಾದಲ್ಲಿ 1992ರಲ್ಲಿ ವೈದ್ಯರು ಪ್ರಕಟಿಸಿದ ಪರೀಕ್ಷೆಯ ಸಾರ ಇದೇ: ಆ ಎಲುಬುಗಳ ಮೇಲೆ ಒತ್ತಿದರೆ ನೋವಿದ್ದರೆ, ಅಥವಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸರೇ ತೆಗೆಸಬೇಕು. ಕಾಕಾ ಇದನ್ನು ಕಲಿತದ್ದು ಮಿರಜಿನಲ್ಲಿ, ಗಾಯಗೊಂಡ ಕುಸ್ತಿ ಹುಡುಗರನ್ನು ಎಲುಬಿನ ಡಾಕ್ಟರ ಹತ್ತಿರ ಒಯ್ದು ಒಯ್ದು. 1894ರಲ್ಲಿ ವಿಲಿಯಂ ವಾನ್ಲೆಸ್ ಅಲ್ಲಿ ಮಿಶನ್ ಆಸ್ಪತ್ರೆ ಕಟ್ಟಿದಂದಿನಿಂದ ಈ ಸೀಮೆಯ ಜನ ಮೂಳೆ ಮುರಿದರೆ ನೆನೆಯುವ ಊರು ಅದು.

ಒಬ್ಬ ತಂದೆ ಮಗನ ಮೊಣಕೈ ಮುಂದೆ ಚಾಚುತ್ತಾನೆ. ಹುಡುಗ ಮಧ್ಯಾಹ್ನ ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದಿದ್ದಾನೆ. ಕಾಕಾ ಮುಟ್ಟುವುದೂ ಇಲ್ಲ. "ನಾಳಿ ಹೊತ್ತೇರೂದ್ರೊಳಗ ದವಾಖಾನಿ." ಮೊಣಕೈಗೆ ಪೆಟ್ಟು ಬಿದ್ದಾಗ ತಿಕ್ಕಿಸುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆದಿದೆ. ಹಾಗೆ ತಿಕ್ಕಿದಾಗ ಪೆಟ್ಟುಂಡ ಸ್ನಾಯುವಿನೊಳಗೇ ಎಲುಬು ಬೆಳೆದು ಕೈ ಮಡಚಲು ಬಾರದಂತಾಗಬಹುದು. ವೈದ್ಯರು ಅದನ್ನು ಮಯೋಸೈಟಿಸ್ ಆಸಿಫಿಕನ್ಸ್ ಎನ್ನುತ್ತಾರೆ. ಅಕ್ಕರೆಯಿಂದಲೇ ತಿಕ್ಕಿ ಮಗುವಿನ ಕೈ ಕೆಡಿಸುವುದೆಂದರೆ ನನಗೆ ಸಂಕಟವಾಗುತ್ತದೆ.

ತಾಯಿಯ ಪಾದಕ್ಕೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಹಾಕಿ, ಹೊತ್ತು ಕಳೆದ ಮೇಲೆ ಕ್ರೇಪ್ ಬ್ಯಾಂಡೇಜು ಕಟ್ಟುತ್ತಾರೆ. ಬೆರಳ ಬುಡದಿಂದ ಶುರುಮಾಡಿ ಹಿಮ್ಮಡಿಗೆ ಸುತ್ತು ಹಾಕಿ ಪಾದಕ್ಕೆ ಹೊಳ್ಳಿ ಬರುವ ಕಟ್ಟು, ಕೆಳಗೆ ಬಿಗಿ, ಮೇಲೆ ಸಡಿಲು. ಹೆಬ್ಬೆರಳ ಉಗುರು ಒತ್ತಿ ಬಿಡುತ್ತಾರೆ. ಬಿಳುಪಾದ ಉಗುರಿಗೆ ಕೂಡಲೇ ಕೆಂಪು ಬರಬೇಕು, ತಡವಾದರೆ ಬಿಚ್ಚಿ ಮತ್ತೆ ಕಟ್ಟಬೇಕು.

"ನಡಕೊಂಡ ಬರ್ತೀನಂತ ಹರಕಿ ಹೊತ್ತೀನ್ರಿ ಕಾಕಾ."

"ಇಲ್ಲೀತನಾ ನಡದೀಯಲ್ಲವ್ವಾ. ಉಳದದ್ದಕ್ಕ ಟಂಟಂ ಹತ್ತು. ಎರಡ ದಿನ ಕಾಲ ಎತ್ತರಕ್ಕ ಇಡು. ಆಮ್ಯಾಲ ನೋವು ತಡಿಯೂವಷ್ಟ ಪಾದ ಮ್ಯಾಲ ಕೆಳಗ ಆಡಸು. ಬಾವು ಇಳದ ಮ್ಯಾಲ ಬೆರಳಿಂದ ಮ್ಯಾಲಕ್ಕ ಹಗೂರ ಎಣ್ಣಿ ಎಳಿ. ಜೋರ ಬ್ಯಾಡ. ನಾಕ ದಿನಕ್ಕೂ ಕಾಲ ಊರಾಕ ಬರಲಿಲ್ಲಂದ್ರ ಮಿರಜಿಗಿ ಹೋಗು."

ಅವಳ ಜೊತೆಯವಳು ರಸ್ತೆಗೆ ಇಳಿದು ಕೈ ಅಡ್ಡ ಹಾಕುತ್ತಾಳೆ. ನೀವು ಚಪ್ಪಲಿ ಮೆಟ್ಟಿ ಎದ್ದು ಜಾಗ ಬಿಡುತ್ತೀರಿ, ಕಾಕಾ ಮುಂದಿನವರ ಎರಡೂ ಕಾಲನ್ನು ಪಕ್ಕಪಕ್ಕ ಇಡಿಸುತ್ತಿದ್ದಾರೆ.