ಸಾಗರದ ಪೇಟೆಯ ಕಬ್ಬಿಣದಂಗಡಿ

ಜೋಗ ನೋಡಲು ಹೊರಟವರಲ್ಲಿ ಹೆಚ್ಚಿನವರು ಸಾಗರವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಸಾಗುತ್ತಾರೆ. ಬಿಡುವಿದ್ದವರು ಇಕ್ಕೇರಿಯ ಅಘೋರೇಶ್ವರನನ್ನೂ ಕೆಳದಿಯ ರಾಮೇಶ್ವರನನ್ನೂ ದರ್ಶನ ಮಾಡಿ, ಗುಡಿಗಾರರು ಕೆತ್ತಿದ ಪುಟ್ಟ ಆನೆಯೊಂದನ್ನು ಕೊಂಡು ಮರಳುತ್ತಾರೆ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಬೆಳೆದ ನಮ್ಮಂಥವರಿಗೆ ಸಾಗರವೆಂದರೆ ‘ಪೇಟೆ’. ಪೇಟೆಗೆ ಹೋಗುವುದೆಂದರೆ ಮೂರು ಕಡೆ ಹೋಗುವುದು: ಅಡಿಕೆ ಮಂಡಿ, ಜವಳಿ ಅಂಗಡಿ ಮತ್ತು ಕಬ್ಬಿಣದಂಗಡಿ. ಮೊದಲಿನದು ಅಪ್ಪನಿಗೆ, ಎರಡನೆಯದು ಅಮ್ಮನಿಗೆ. ಮೂರನೆಯದು ಮಾತ್ರ ನನ್ನದು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದೆ.

ಎಪ್ಪತ್ತರ ದಶಕದ ಕೊನೆ, ಎಂಬತ್ತರ ದಶಕದ ಆರಂಭದ ಮಾತಿದು. ಅಂಗಡಿಗೊಂದು ಹೆಸರಿತ್ತು, ಬೋರ್ಡೂ ಇತ್ತು. ಆದರೆ ಮಳೆಗಾಲಗಳು ಅಕ್ಷರಗಳನ್ನು ತೊಳೆದು ಹಾಕಿದ್ದರಿಂದ ಎಲ್ಲರ ಬಾಯಲ್ಲೂ ಅದು ಬರೀ ‘ಕಬ್ಬಿಣದಂಗಡಿ’. ಹೆಂಚಿನ ಮಾಡು, ಹಲಗೆ ಬಾಗಿಲು, ಒಳಗೆ ಹಗಲಲ್ಲೂ ಅರೆಗತ್ತಲೆ. ಜಂತಿಯಿಂದ ಹಗ್ಗ, ಸರಪಳಿ, ರಾಟೆ, ದನದ ಕೊರಳಿನ ಗಂಟೆಗಳು ಇಳಿಬಿದ್ದಿರುತ್ತಿದ್ದವು. ಗೋಡೆಗೆ ಒರಗಿಸಿದ ಹಾರೆ, ಗುದ್ದಲಿ, ಪಿಕಾಸಿ. ಒಂದು ಮೂಲೆಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ. ಮರದ ಖಾನೆಗಳ ತುಂಬ ಮೊಳೆ, ಚಿಲಕ, ಬಿಜಾಗರಿ, ವಾಷರು. ಅಗಸೆ ಎಣ್ಣೆ, ಗ್ರೀಸು, ಹೊಸ ಹುರಿಹಗ್ಗ ಎಲ್ಲವೂ ಬೆರೆತ ಒಂದು ವಾಸನೆ ಬಾಗಿಲಲ್ಲೇ ನಮ್ಮನ್ನು ಎದುರುಗೊಳ್ಳುತ್ತಿತ್ತು.

ಗಲ್ಲಾದ ಹಿಂದೆ ಕೂತಿರುತ್ತಿದ್ದ ಸಾಹುಕಾರರು ಕೇಳಿದ್ದನ್ನು ಕೂಡಲೇ ಕೊಟ್ಟವರಲ್ಲ. “ಎರಡಿಂಚಿನ ಮೊಳೆ ಕಾಲು ಕೇಜಿ” ಎಂದರೆ, “ಎಂಥಕ್ಕೆ ಮಾರಾಯಾ?” ಎಂಬ ಪ್ರಶ್ನೆ ಬರುತ್ತಿತ್ತು. ಹಲಸಿನ ಹಲಗೆಗೋ, ಬಿದಿರಿಗೋ, ಹಳೆಯ ಸಾಗುವಾನಿಗೋ ಎಂದು ತಿಳಿದ ಮೇಲೆ, “ಹಾಗಾದ್ರೆ ಇದು ಬೇಡ, ಸೀಳು ಬಿಡ್ತದೆ, ತೆಳು ಮೊಳೆ ತಗೊಂಡು ಹೋಗು” ಎನ್ನುತ್ತಿದ್ದರು. ಎರಡೇ ಎರಡು ತಿರುಪು ಬೇಕೆಂದರೂ ಎಣಿಸಿ, ಹಳೆಯ ಪತ್ರಿಕೆಯ ಚೂರಿನಲ್ಲಿ ಪೊಟ್ಟಣ ಕಟ್ಟಿ ಕೊಡುವರು. ಒಡೆದ ಚಿಲಕವನ್ನು ಕೊಂಡೊಯ್ದರೆ ಹೊಸದನ್ನು ಮಾರುವ ಮುಂಚೆ ಹಳೆಯದರ ಯಾವ ಭಾಗ ಹೋಗಿದೆ ಎಂದು ತಿರುಗಿಸಿ ನೋಡುತ್ತಿದ್ದರು. ಅದೊಂದೇ ಭಾಗ ಸಿಕ್ಕರೆ ವ್ಯಾಪಾರ ನಾಲ್ಕಾಣೆಯಲ್ಲಿ ಮುಗಿಯುತ್ತಿತ್ತು.

ಅಲ್ಲಿ ಕೆಲಸಕ್ಕಿದ್ದ ಹುಡುಗ ನನಗಿಂತ ನಾಲ್ಕೈದು ವರ್ಷ ದೊಡ್ಡವನು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟಿದ್ದ. ಬಡಗಿಗಳ ಲೆಕ್ಕದಲ್ಲಿ ಒಂದು ಇಂಚಿಗೆ ಎಂಟು ನೂಲು. “ಮೂರು ನೂಲಿನ ಬೋಲ್ಟು” ಎಂದರೆ ಇಂಚಿನ ಎಂಟರಲ್ಲಿ ಮೂರು ಪಾಲು, ಸುಮಾರು ಒಂಬತ್ತೂವರೆ ಮಿಲಿಮೀಟರು. ಅರ್ಧ ಇಂಚಿನ ಹಲಗೆಗೆ ಮೂರು ನೂಲಿನ ಪಟ್ಟಿ ಸೇರಿಸಿದರೆ ದಪ್ಪವೆಷ್ಟು ಎಂದು ಕೇಳಿ ನೋಡಿ. ನಾವು ಸ್ಲೇಟಿನಲ್ಲಿ ಛೇದ ಸಮ ಮಾಡುವಷ್ಟರಲ್ಲಿ ಅವನು “ಏಳು ನೂಲು” ಎಂದು ಹೇಳಿ ಬೇರೆ ಗಿರಾಕಿಯ ಕಡೆ ತಿರುಗಿರುತ್ತಿದ್ದ. ಗೇಜಿನ ಗುಟ್ಟು ಹೇಳಿಕೊಟ್ಟವನೂ ಅವನೇ. ಎಂಟನೇ ಗೇಜಿನ ತಂತಿ ಸುಮಾರು ನಾಲ್ಕು ಮಿಲಿಮೀಟರು ದಪ್ಪ, ಹದಿನಾಲ್ಕನೆಯದು ಅದರ ಅರ್ಧ. ನಂಬರು ಏರಿದಂತೆ ತಂತಿ ತೆಳ್ಳಗಾಗುವುದೇಕೆ? ಹಿಂದೆ ಕಬ್ಬಿಣದ ಕಡ್ಡಿಯನ್ನು ಒಂದಕ್ಕಿಂತ ಒಂದು ಚಿಕ್ಕದಾದ ತೂತುಗಳ ಮೂಲಕ ಎಳೆದು ತಂತಿ ಮಾಡುತ್ತಿದ್ದರು. ಹೆಚ್ಚು ಸಲ ಎಳೆದಷ್ಟೂ ನಂಬರು ಹೆಚ್ಚು, ದಪ್ಪ ಕಡಿಮೆ. ಇಷ್ಟು ಚುರುಕಿನ ಹುಡುಗನಿಗೆ ಇನ್ನಾರು ವರ್ಷ ಶಾಲೆ ಸಿಕ್ಕಿದ್ದರೆ ಏನಾಗುತ್ತಿದ್ದನೋ ಎಂದು ಈಗಲೂ ಯೋಚಿಸುತ್ತೇನೆ. ಆ ಅಂಗಡಿಯನ್ನು ಎಷ್ಟು ಹೊಗಳಿದರೂ ಈ ಒಂದು ಮಾತನ್ನು ಮರೆಮಾಚಬಾರದು.

ನಮ್ಮ ಮಲೆನಾಡಿನಲ್ಲಿ ಕಬ್ಬಿಣ ಮಾರುವವನಿಗೆ ಮಳೆಯೇ ಮೊದಲ ಶತ್ರು. ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸಿಕ್ಕರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ಪಾಠದಲ್ಲಿ ಓದುತ್ತೇವೆ. ಜೂನ್ ಬರುವುದರೊಳಗೆ ಗುದ್ದಲಿ, ಕತ್ತಿಗಳಿಗೆಲ್ಲ ಎಣ್ಣೆ ಸವರುತ್ತಿದ್ದುದು ಆ ಎರಡನ್ನೂ ದೂರವಿಡುವುದಕ್ಕೇ. ಸತು ಲೇಪಿಸಿದ ತಗಡಿಗೆ ಗೀರು ಬಿದ್ದರೂ ಚಿಂತೆಯಿಲ್ಲ, ತವರ ಬಳಿದ ಡಬ್ಬಿಗೆ ಗೀರು ಬಿದ್ದರೆ ಅದರ ಕತೆ ಮುಗಿದಂತೆ ಎನ್ನುತ್ತಿದ್ದರು ಸಾಹುಕಾರರು. ಕಾರಣ ನನಗೆ ತಿಳಿದದ್ದು ಕಾಲೇಜಿನಲ್ಲಿ: ಸತು ಕಬ್ಬಿಣಕ್ಕಿಂತ ಚಟುವಟಿಕೆಯ ಲೋಹ, ಹಾಗಾಗಿ ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ತವರ ಹಾಗಲ್ಲ; ಗೀರಿನಲ್ಲಿ ಕಬ್ಬಿಣ ಬಯಲಾದರೆ ಮೊದಲು ಸವೆಯುವುದು ಕಬ್ಬಿಣವೇ. ಹಿತ್ತಾಳೆಯೆಂದು ಬಂದ ಮಾಲನ್ನು ಅವರು ಅಯಸ್ಕಾಂತ ಹಿಡಿದು ನೋಡುತ್ತಿದ್ದರು. ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಹಿತ್ತಾಳೆ ಬರೀ ಮೇಲಿನ ಬಣ್ಣ!

ಆದರೆ ನಮ್ಮ ಕಡೆಯ ಕಬ್ಬಿಣದಂಗಡಿಯ ಪ್ರಾಣವಿದ್ದುದು ಕಬ್ಬಿಣದಲ್ಲಲ್ಲ, ಮೈಲುತುತ್ತದಲ್ಲಿ. ಗೋಣಿಯ ಬಾಯಿ ಬಿಚ್ಚಿದರೆ ನವಿಲಿನ ಕೊರಳಿನಂಥ ನೀಲಿ ಹರಳುಗಳು. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ ಒಂದೆರಡು ವಾರದಲ್ಲಿ ವರ್ಷದ ಅನ್ನವನ್ನೇ ನೆಲಕ್ಕೆ ಉದುರಿಸಬಲ್ಲದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ, ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು 1910ರಲ್ಲಿ ವಿವರಿಸಿದರು. ಬೋರ್ಡೊ ದ್ರಾವಣ ಸಿಂಪಡಿಸಿ ಬೆಳೆ ಉಳಿಸಬಹುದೆಂದು ತೋರಿಸಿದರು. ಆ ದ್ರಾವಣದ ಹುಟ್ಟೂ ಸ್ವಾರಸ್ಯವಾದದ್ದು. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ರಸ್ತೆ ಬದಿಯ ದ್ರಾಕ್ಷಿ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗವಿಲ್ಲದ್ದನ್ನು ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿ, 1885ರಲ್ಲಿ ಪ್ರಕಟಿಸಿದರು.

ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಟ್ಟ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ನೀಲಿ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಕಬ್ಬಿಣದ ಪಾತ್ರೆ ಕೂಡದು. ಕೊನೆಗೆ ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರದೂಡುವ ಈ ಕ್ರಿಯೆಯನ್ನು ಈಗ ನಾನು ಪ್ರಯೋಗಾಲಯದಲ್ಲಿ ಮೊಳೆ ಮುಳುಗಿಸಿ ತೋರಿಸುತ್ತೇನೆ. ನಮ್ಮ ಅಂಗಳದಲ್ಲಿ ಅದನ್ನು ಪ್ರತಿ ವರ್ಷ ಮಾಡುತ್ತಿದ್ದವರು ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜ.

ಒಂದು ವರ್ಷ ಮಳೆ ಬಿಡದೆ ಹಿಡಿಯಿತು. ಮೊದಲ ಸಲ ಹೊಡೆದ ಔಷಧಿಯ ಅವಧಿ ಮುಗಿದಿತ್ತು, ತೋಟದಲ್ಲಿ ಅಲ್ಲಲ್ಲಿ ಕಾಯಿ ಉದುರತೊಡಗಿತ್ತು. ಪೇಟೆಯಲ್ಲಿ ಮೈಲುತುತ್ತಕ್ಕೆ ಅಭಾವ. ಅಪ್ಪನೊಂದಿಗೆ ಕಂಬಳಿಕೊಪ್ಪೆ ಹೊದ್ದು ಹೋದಾಗ ಅಂಗಡಿಯ ಮುಂದೆ ಮೂವತ್ತು ನಲವತ್ತು ಜನ ನಿಂತಿದ್ದರು. ದೊಡ್ಡ ತೋಟದವರೊಬ್ಬರು ರೊಕ್ಕ ಮುಂದಿಟ್ಟು ಇದ್ದುದೆಲ್ಲವನ್ನೂ ಕೊಡಿ ಎಂದರು. ಸಾಹುಕಾರರು ರೊಕ್ಕವನ್ನು ಮೆಲ್ಲನೆ ಅವರ ಕಡೆಗೇ ಸರಿಸಿ, “ನಿಮಗೂ ಕೊಡ್ತೇನೆ, ಸ್ವಲ್ಪ ನಿಲ್ಲಿ” ಎಂದು, ಒಬ್ಬೊಬ್ಬರನ್ನೂ “ನಿಮ್ಮದು ಎಷ್ಟು ಮರ?” ಎಂದು ಕೇಳುತ್ತ ತೂಗತೊಡಗಿದರು. ಅಪ್ಪನ ಹತ್ತಿರ ದುಡ್ಡಿರಲಿಲ್ಲ. ನಾಲ್ಕು ಕಿಲೋ ಎಂದು ಖಾತೆಯಲ್ಲಿ ಬರೆದುಕೊಂಡು, “ಅಡಿಕೆ ಕೊಟ್ಟ ಮೇಲೆ ನೋಡುವಾ” ಎಂದರು. ಆ ವರ್ಷ ನಮ್ಮ ತೋಟದಲ್ಲಿ ಅರ್ಧಕ್ಕಿಂತ ಹೆಚ್ಚು ಫಸಲು ಉಳಿಯಿತು. ಮುಂದಿನ ಜೂನಿನಲ್ಲಿ ನಾನು ಹೈಸ್ಕೂಲಿಗೆ ಸೇರಿದ್ದು ಆ ಅರ್ಧದಿಂದ.

ಈಗ ಆ ಹಳೆಯ ಕಟ್ಟಡವಿಲ್ಲ, ಸಾಹುಕಾರರೂ ಇಲ್ಲ. ಅದೇ ಜಾಗದಲ್ಲಿ ಗಾಜಿನ ಬಾಗಿಲಿನ ಮಳಿಗೆ ಎದ್ದಿದೆ. ತಿರುಪುಗಳು ಇಪ್ಪತ್ತೈದರ ಪೊಟ್ಟಣದಲ್ಲಿ ಬರುತ್ತವೆ; ಎರಡು ಬೇಕಾದವನ ಮನೆಯಲ್ಲಿ ಇಪ್ಪತ್ತಮೂರು ತುಕ್ಕು ಹಿಡಿಯುತ್ತವೆ. ಅನುಕೂಲವೂ ಇಲ್ಲದಿಲ್ಲ. ನೆಲದಲ್ಲೇ ನಿಂತು ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಪಾಚಿಗಟ್ಟಿದ ಮರವೇರುವ ಕೊನೆಗಾರನ ಪ್ರಾಣಭಯ ಇವುಗಳಿಂದ ಕಡಿಮೆಯಾದರೆ ಸಂತೋಷವೇ. ಆದರೆ “ಎಂಥಕ್ಕೆ?” ಎಂದು ಕೇಳುವವರು ಕಡಿಮೆಯಾಗಿದ್ದಾರೆ. ಕೇಳದಿದ್ದರೆ ಕೊಳ್ಳುವವನೂ ತನ್ನ ಕೆಲಸವನ್ನು ಸರಿಯಾಗಿ ಯೋಚಿಸುವುದಿಲ್ಲ.

ಎಂಟನೇ ತರಗತಿಯ ಮಕ್ಕಳಿಗೆ ಸತು ಲೇಪನದ ವ್ಯಾಖ್ಯೆ ಕಂಠಪಾಠವಿರುತ್ತದೆ. ತಮ್ಮ ಮನೆಯ ಬಕೆಟ್ಟು ಯಾವುದರದ್ದು ಎಂದರೆ ಮುಖ ಮುಖ ನೋಡುತ್ತಾರೆ. ತಪ್ಪು ಮಕ್ಕಳದಲ್ಲ, ನಾವು ಅವರನ್ನು ಕರೆದುಕೊಂಡು ಹೋಗಿಲ್ಲ. ಹಳೆಯ ಕಬ್ಬಿಣದಂಗಡಿಗಳು ಸಣ್ಣ ಊರುಗಳಲ್ಲಿ ಇನ್ನೂ ಉಳಿದಿವೆ. ಪಾಲಕರು ಮುಂದಿನ ಸಲ ಮನೆಯ ಬಿಜಾಗರಿ ಸಡಿಲವಾದಾಗ ಬಡಗಿಗೆ ಹೇಳಿಕಳಿಸುವ ಮುನ್ನ, ಅದನ್ನು ಬಿಚ್ಚಿ ಮಗನ ಕೈಗೋ ಮಗಳ ಕೈಗೋ ಕೊಟ್ಟು ಅಂಗಡಿಗೆ ಕರೆದೊಯ್ಯಿರಿ. ಅಳತೆಯನ್ನು ಅವರೇ ಹೇಳಲಿ, ಯಾವ ಲೋಹವೆಂದು ಅವರೇ ಕೇಳಲಿ, ಮನೆಗೆ ಬಂದ ಮೇಲೆ ತಿರುಪನ್ನೂ ಅವರೇ ಬಿಗಿಯಲಿ. ಅರ್ಧ ಗಂಟೆ ಹೆಚ್ಚು ಹಿಡಿಯಬಹುದು, ಬಾಗಿಲು ಮೊದಲ ಸಲಕ್ಕೆ ಸರಿಯಾಗಿ ಕೂರದೆಯೂ ಇರಬಹುದು. ಕೂರದಿದ್ದರೆ ಇನ್ನೊಮ್ಮೆ ಬಿಚ್ಚಿ ಕೂರಿಸಲಿ ಬಿಡಿ.