ಸೊನ್ನೆಗೂ ಒಂದಕ್ಕೂ ನಡುವೆ

ಎಂಆರ್‌ಪಿ ಅಂದ ಕೂಡಲೇ ನಿಮಗೆ ಬಿಸ್ಕತ್ ಪೊಟ್ಟಣದ ಹಿಂದೆ ಅಚ್ಚು ಹಾಕಿರೋ ಬೆಲೆ ನೆನಪಾಗಿದ್ದರೆ ತಪ್ಪೇನಿಲ್ಲ. ನಮ್ಮಮ್ಮನಿಗೂ ಹಾಗೇ. "ಬೆಂಗಳೂರಾಗ ಎಂಆರ್‌ಪಿ ಹಾಕೋ ಕೆಲಸ ಮಾಡ್ತಾನ" ಅಂತ ಓಣಿಯವರಿಗೆಲ್ಲ ಹೇಳಿಬಿಟ್ಟಿದ್ದಾರೆ :-)

ನಾನು ಹೊಟ್ಟೆಪಾಡಿಗೆ ಮಾಡೋ ಎಂಆರ್‌ಪಿ ಬೇರೆ. ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲ್ಯಾನಿಂಗ್. ಕಾರ್ಖಾನೆಗೆ ಯಾವ ಸಾಮಾನು, ಎಷ್ಟು, ಯಾವಾಗ ಬೇಕು ಅಂತ ಲೆಕ್ಕ ಹಾಕಿ, ಖರೀದಿ ವಿಭಾಗದವರಿಗೆ 'ಈಗ ಆರ್ಡರ್ ಹಾಕಿ' ಅಂತ ನೆನಪಿಸೋ ತಂತ್ರಾಂಶ. ಐಬಿಎಮ್‌ನಲ್ಲಿದ್ದ ಜೋಸೆಫ್ ಆರ್ಲಿಕಿ ಇದರ ಬಗ್ಗೆ 1975ರಲ್ಲೇ ಪುಸ್ತಕ ಬರೆದಿದ್ದರು.

ಕೇಳೋಕೆ ದೊಡ್ಡ ವಿದ್ಯೆ. ಒಳಗಿರೋದು ಮಾತ್ರ ಜೋಳದ ಹಿಟ್ಟಿನ ಲೆಕ್ಕ. ಮನೆಯಲ್ಲಿ ರೊಟ್ಟಿಗೆ ದಿನಕ್ಕೆ 1 ಕೆಜಿ ಹಿಟ್ಟು ಬೇಕು. ಗಿರಣಿಗೆ ಕೊಟ್ಟರೆ ಬೀಸಿ ಬರೋಕೆ 2 ದಿನ. ಇದು ಲೀಡ್ ಟೈಮ್. ನಡುವೆ ಗಿರಣಿಯಲ್ಲಿ ಕರೆಂಟ್ ಹೋದರೆ ಇರಲಿ ಅಂತ ಇನ್ನೊಂದು ಕೆಜಿ. ಇದು ಸೇಫ್ಟಿ ಸ್ಟಾಕ್. ಅಂದರೆ ಡಬ್ಬದಲ್ಲಿ ಹಿಟ್ಟು 3 ಕೆಜಿಗೆ ಇಳಿದ ಕೂಡಲೇ ಗಿರಣಿಗೆ ಹೊರಡಬೇಕು. ಈ 3 ಇದೆಯಲ್ಲ, ಅದೇ ರೀಆರ್ಡರ್ ಪಾಯಿಂಟ್. ಇಂಥ ಅಂಕಿಗಳನ್ನು ಸಾವಿರಾರು ಸಾಮಾನುಗಳಿಗೆ ತುಂಬಿಸೋದೇ ನನ್ನ ಕೆಲಸ.

ನಾನು ಬೆಳೆದದ್ದು ಶಕ್ತಿನಗರದಲ್ಲಿ. ರಾಯಚೂರಿನಿಂದ ಹೈದರಾಬಾದ್ ರಸ್ತೆ ಹಿಡಿದು ಹೋದರೆ, ಕೃಷ್ಣಾ ಹೊಳೆ ದಾಟೋ ಮೊದಲು ಎತ್ತರದ ಚಿಮಣಿಗಳು ಕಾಣುತ್ತವಲ್ಲ, ಅದೇ ಊರು. ಅಲ್ಲಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶುರುವಾಗಿದ್ದು 1985ರಲ್ಲಿ, ಎಂಟನೆಯದು 2010ರಲ್ಲಿ. ಏಳು ಘಟಕ 210 ಮೆಗಾವಾಟ್‌ನವು, ಕೊನೆಯದು 250. ಎಲ್ಲ ಸೇರಿ 1,720. ಅಪ್ಪ ಅಲ್ಲಿ ಸ್ಟೋರ್ಸ್‌ನಲ್ಲಿದ್ದರು, ಈಗ ನಿವೃತ್ತರು.

ಹಾಗಾಗಿ ನಮಗೆ ದಾಸ್ತಾನು ಅಂದರೆ ಚಿಕ್ಕಂದಿನಿಂದಲೂ ಕಣ್ಣಿಗೆ ಕಾಣೋ ಕಪ್ಪು ಗುಡ್ಡ. ಒಂದು ಕಿಲೋವಾಟ್ ಗಂಟೆ ಕರೆಂಟಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಅಂತ ಹಿಡಿಯಿರಿ. ಎಂಟೂ ಘಟಕ ಪೂರ್ತಿ ಓಡಿದರೆ ದಿನಕ್ಕೆ ಹತ್ತಿರ ಹತ್ತಿರ 29 ಸಾವಿರ ಟನ್ ಬೇಕು. ಒಂದು ಗೂಡ್ಸ್ ಗಾಡಿಗೆ ಸುಮಾರು 4 ಸಾವಿರ ಟನ್ ಅಂದರೂ ದಿನಕ್ಕೆ ಏಳೆಂಟು ಗಾಡಿ! ಅದು ಬರೋದು ಸಿಂಗರೇಣಿಯಿಂದ, ಒಡಿಶಾದ ಮಹಾನದಿ ಗಣಿಗಳಿಂದ, ಅಷ್ಟು ದೂರದಿಂದ. ಮಳೆಗಾಲದಲ್ಲಿ ಗಣಿಗೆ ನೀರು ನುಗ್ಗಿದರೆ ಇಲ್ಲಿ ಗುಡ್ಡ ಕರಗುತ್ತೆ.

ಕಲ್ಲಿದ್ದಲಿನ ಸೇಫ್ಟಿ ಸ್ಟಾಕ್ ಎಷ್ಟಿರಬೇಕು ಅಂತ ದೆಹಲಿಯಲ್ಲೇ ತೀರ್ಮಾನವಾಗುತ್ತೆ. 2021ರ ಅಕ್ಟೋಬರಿನಲ್ಲಿ ದೇಶದ ಎಷ್ಟೋ ಸ್ಥಾವರಗಳಲ್ಲಿ ದಾಸ್ತಾನು ಕೆಲವೇ ದಿನಗಳಿಗೆ ಇಳಿದು ಗಾಬರಿಯಾಗಿತ್ತಲ್ಲ, ಅದಾದ ಮೇಲೆ ಆ ಡಿಸೆಂಬರಿನಲ್ಲಿ ನಿಯಮ ಬದಲಾಯಿತು. ಗಣಿ ಪಕ್ಕದಲ್ಲೇ ಇರೋ ಸ್ಥಾವರಕ್ಕೆ 12ರಿಂದ 17 ದಿನದ್ದು, ದೂರದವಕ್ಕೆ 20ರಿಂದ 26 ದಿನದ್ದು. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಹೆಚ್ಚು. ದಿನಾ ಖರ್ಚಾಗೋ ವಸ್ತುವಿನ ಪುಣ್ಯ ಇದು. ಎಲ್ಲರೂ ಅದನ್ನ ನೋಡ್ತಿರ್ತಾರೆ.

ಯಾರೂ ನೋಡದ ಸಾಮಾನಿನ ಕಥೆ ಬೇರೆ.

ಕಳೆದ ವರ್ಷ ಒಂದು ಕಾರ್ಖಾನೆಯ ಪ್ರಾಜೆಕ್ಟಿನಲ್ಲಿದ್ದೆ. ಹೆಸರು ಬೇಡ. ಹಳೇ ರಿಜಿಸ್ಟರು, ಎಕ್ಸೆಲ್ ಹಾಳೆಗಳಲ್ಲಿದ್ದ ಸ್ಟೋರ್ಸ್ ಲೆಕ್ಕವನ್ನೆಲ್ಲ ಸ್ಯಾಪ್‌ಗೆ ತರೋದು. ಪ್ರತಿ ಸಾಮಾನಿಗೂ ಒಂದು ಎಂಆರ್‌ಪಿ ಟೈಪ್ ಕೊಡಬೇಕು. ಉತ್ಪಾದನೆಯ ಯೋಜನೆ ನೋಡಿಕೊಂಡು ತರಿಸೋದಾದರೆ 'ಪಿಡಿ'. ಇಷ್ಟಕ್ಕಿಂತ ಕಡಿಮೆಯಾದರೆ ತರಿಸು ಅನ್ನೋದಾದರೆ 'ವಿಬಿ'. ಯೋಜನೆಯೇ ಬೇಡ ಅಂದರೆ 'ಎನ್‌ಡಿ'.

ಮುಖ್ಯ ಕಚೇರಿಯಿಂದ ಸಾವಿರಕ್ಕೂ ಹೆಚ್ಚು ಸಾಲುಗಳ ಹಾಳೆ ಬಂತು. ಮೂರು ವರ್ಷದಿಂದ ಸ್ಟೋರ್ ಬಿಟ್ಟು ಅಲ್ಲಾಡದ ಬಿಡಿಭಾಗಗಳು. ಎಲ್ಲದಕ್ಕೂ 'ಎನ್‌ಡಿ' ಹಾಕಿ, ರೀಆರ್ಡರ್ ಪಾಯಿಂಟ್ ಸೊನ್ನೆ ಮಾಡಿ, ಇರೋದನ್ನು ಹರಾಜು ಹಾಕ್ತೀವಿ ಅಂತ. ಅವರ ವಾದ ಹುಚ್ಚು ಅನ್ನೋ ಹಾಗಿಲ್ಲ. ಆ ರ‍್ಯಾಕುಗಳ ಮೇಲೆ ಕೋಟಿಗಟ್ಟಲೆ ದುಡ್ಡು ತುಕ್ಕು ಹಿಡೀತಾ ಕೂತಿರುತ್ತೆ. ಅದಕ್ಕೆ ಬ್ಯಾಂಕಿನ ಬಡ್ಡಿ ಬೇರೆ.

ಅವತ್ತು ರಾತ್ರಿ ಫೋನಿನಲ್ಲಿ ಅಪ್ಪನ ಹತ್ತಿರ ಮಾತಿಗೆ ಮಾತು ಬಂದು ಇದನ್ನ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ವರ್ಷ ಹೊರಗ ಹೋಗಿಲ್ಲ ಅಂದ್ರ ಮೂರು ವರ್ಷ ಮಷೀನ್ ಚಲೋ ನಡದದ ಅಂತ ಅರ್ಥ ತಮ್ಮಾ. ಸಾಮಾನ ಬ್ಯಾಡ ಅಂತಲ್ಲ" ಅಂದರು. "ಹಂಗಂತ ಎಲ್ಲಾನೂ ಇಟ್ಕೊಂಡು ಕುಂದ್ರಬ್ಯಾಡ್ರಿ. ಸ್ಟೋರಿನ್ಯಾಗ ಕಸಾನೂ ಇರ್ತದ. ಅಲ್ಲಿ ಸ್ಟೋರ್‌ಕೀಪರ್ ಯಾರದಾರ? ಅವರನ್ನ ಯಾರರ ಕೇಳ್ಯಾರೇನು?"

ಸ್ಟೋರ್ಸ್ ವಿದ್ಯೆಯಲ್ಲಿ ಇದಕ್ಕೆ ಹೆಸರುಗಳಿವೆ. ಬೆಲೆ ನೋಡಿ ವಿಂಗಡಿಸಿದರೆ ಎಬಿಸಿ. ಎಷ್ಟು ಬೇಗ ಖರ್ಚಾಗುತ್ತೆ ಅಂತ ನೋಡಿದರೆ ಎಫ್‌ಎಸ್‌ಎನ್. ಅದಿಲ್ಲದಿದ್ದರೆ ಏನು ನಿಲ್ಲುತ್ತೆ ಅಂತ ನೋಡಿದರೆ ವಿಇಡಿ, ಅಂದರೆ ಪ್ರಾಣದಷ್ಟು ಮುಖ್ಯ, ಅಗತ್ಯ, ಇದ್ದರೆ ಒಳ್ಳೇದು. ಮೊದಲಿನ ಎರಡನ್ನೂ ತಂತ್ರಾಂಶ ಹಳೇ ಲೆಕ್ಕದಿಂದ ತಾನೇ ಕಂಡುಹಿಡಿಯುತ್ತೆ. ಮೂರನೆಯದನ್ನು ಯಾರಾದರೂ ಮನುಷ್ಯರೇ ಹೇಳಬೇಕು. ಮುಖ್ಯ ಕಚೇರಿಯ ಹಾಳೆಯಲ್ಲಿ ಮೂರನೆಯ ಕಾಲಮ್ಮೇ ಇರಲಿಲ್ಲ.

ಕಾರ್ಖಾನೆಯ ಸ್ಟೋರ್‌ಕೀಪರ್ ಇನ್ನೆರಡು ತಿಂಗಳಲ್ಲಿ ನಿವೃತ್ತರಾಗುವವರು. ಪ್ರಾಜೆಕ್ಟಿನ ಮೀಟಿಂಗ್ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಮ್ಯಾನೇಜರನ್ನು ಒಪ್ಪಿಸಿ ಮೂರು ದಿನ ಅವರ ಜೊತೆ ಕೂತೆ. ಪ್ರತಿ ಸಾಲಿಗೂ ಮೂರೇ ಪ್ರಶ್ನೆ. ಇದು ಎಲ್ಲಿಂದ ಬರುತ್ತೆ? ಎಷ್ಟು ದಿನ ಬೇಕು? ಇಲ್ಲದಿದ್ದರೆ ಏನು ನಿಲ್ಲುತ್ತೆ?

ಅವರು ಎಲ್ಲವನ್ನೂ ಅಪ್ಪಿಕೊಂಡು ಕೂರ್ತಾರೇನೋ ಅಂತ ಮ್ಯಾನೇಜರಿಗೆ ಅನುಮಾನವಿತ್ತು. ಆದದ್ದು ಉಲ್ಟಾ! "ಈ ಮಷೀನೇ ಮಾರಿ ಹೋಯ್ತಲ್ಲ ಸಾರ್, ಹಾಕಿ ಹರಾಜಿಗೆ." "ಈ ರಬ್ಬರ್ ಸೀಲಿನ ಆಯಸ್ಸು ಮುಗಿದಿದೆ, ಇದ್ದರೂ ಇಲ್ಲದ ಲೆಕ್ಕ." "ಇದು ಸಂಜೆಯೊಳಗೆ ಪೇಟೆಯಲ್ಲಿ ಸಿಗುತ್ತೆ." ಹೀಗೆ ಹಾಳೆಯ ಬಹುಪಾಲು ಅವರ ಕೈಯಿಂದಲೇ ಹೊರಗೆ ಹೋಯಿತು. ನಾಲ್ಕೈದು ಡಜನ್ ಸಾಲುಗಳ ಮೇಲೆ ಮಾತ್ರ ಅವರ ಬೆರಳು ನಿಂತಿತು. ಒಂದು ಬೇರಿಂಗು, ಹೊರದೇಶದಿಂದ ಬರೋಕೆ 8 ತಿಂಗಳು. ಹಳೇ ಎಕ್ಸೆಲ್‌ನಲ್ಲಿ ಅದರ ಲೀಡ್ ಟೈಮ್ 10 ದಿನ ಅಂತಿತ್ತು. ಯಾರೋ ಎಲ್ಲದಕ್ಕೂ ಒಂದೇ ಅಂಕಿ ಎಳೆದಿದ್ದರು.

ಆ ಸಾಲುಗಳಿಗೆ 'ವಿಬಿ' ಹಾಕಿ ರೀಆರ್ಡರ್ ಪಾಯಿಂಟ್ 1 ಅಂತ ಇಟ್ಟೆವು. ಗರಿಷ್ಠ ದಾಸ್ತಾನೂ 1. ಯಾಕೆ ಸೊನ್ನೆಯಲ್ಲ ಅಂತೀರಾ? ದಾಸ್ತಾನು ರೀಆರ್ಡರ್ ಪಾಯಿಂಟಿಗಿಂತ ಕೆಳಗಿಳಿದರೆ ಮಾತ್ರ ಸಿಸ್ಟಮ್ ಎಚ್ಚರವಾಗೋದು. ಸೊನ್ನೆ ಸೊನ್ನೆಗಿಂತ ಕೆಳಗಿಲ್ಲವಲ್ಲ! ಕೊನೆಯ ಬೇರಿಂಗ್ ತೆಗೆದು ಮಷೀನಿಗೆ ಹಾಕಿದರೂ ಅದು ತಣ್ಣಗೆ ಕೂತಿರುತ್ತೆ. ಒಂದು ಅಂತ ಬರೆದರೆ ಅವತ್ತು ರಾತ್ರಿಯ ಲೆಕ್ಕದಲ್ಲೇ ಖರೀದಿಯ ಸೂಚನೆ ಹುಟ್ಟುತ್ತೆ. ಟಿಪ್ಪಣಿಯ ಜಾಗದಲ್ಲಿ ಅವರ ಮಾತನ್ನೇ ಬರೆದಿಟ್ಟೆವು: 'ಇದಿಲ್ಲದಿದ್ದರೆ ಎರಡನೇ ಲೈನ್ ನಿಲ್ಲುತ್ತೆ. ಬರಲು 8 ತಿಂಗಳು. ಮಾರಬೇಡಿ.'

ಎಲ್ಲವನ್ನೂ ಮುಖ್ಯ ಕಚೇರಿ ಒಪ್ಪಲಿಲ್ಲ. ತುಂಬಾ ದುಬಾರಿಯಾದ ಆರು ಸಾಮಾನು ಹರಾಜಿಗೆ ಹೋದವು. ಅವರು ಗೆದ್ದರೋ ಸೋತರೋ ಆ ಮಷೀನುಗಳೇ ಹೇಳಬೇಕು. ಸ್ಟೋರ್‌ಕೀಪರ್ ಹೇಳಿದ ದಿನಕ್ಕೇ ನಿವೃತ್ತರಾದರು.

ಈಗ ಎಲ್ಲ ಕಡೆ ಎಐ ಮಾತು. ಬೇಡಿಕೆಯನ್ನ ಅದೇ ಊಹಿಸುತ್ತೆ ಅಂತಾರೆ. ದಿನಾ ಖರ್ಚಾಗೋ ವಸ್ತುವಿಗೆ ಊಹಿಸಲಿ, ಸಂತೋಷ. ಮೂರು ವರ್ಷ ಸಾಲಾಗಿ ಸೊನ್ನೆಗಳೇ ಇರೋ ಬೇರಿಂಗಿಗೆ, ಅದಿಲ್ಲದಿದ್ದರೆ ಎಷ್ಟು ಜನ ಕೈಕಟ್ಟಿ ಕೂರಬೇಕು ಅನ್ನೋದು ಆ ಸೊನ್ನೆಗಳಲ್ಲಿ ಬರೆದಿರಲ್ಲ. ಅದು ಬರೆದಿರೋದು ಒಬ್ಬರ ತಲೆಯಲ್ಲಿ, ಆ ತಲೆ 60 ತುಂಬಿದ ದಿನ ಸಂಜೆ ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತೆ.

ನಿಮ್ಮ ಆಫೀಸಿನಲ್ಲೂ ಅಂಥವರು ಒಬ್ಬರು ಇದ್ದೇ ಇರ್ತಾರೆ. ಹಾರ ತರೋ ಮುಂಚೆ ಒಂದು ಚಹಾ ಕುಡಿಸಿ, ಕೂತು ಕೇಳಿ ಬರೆದಿಟ್ಟುಕೊಳ್ಳಿ. ಏನಂತೀರಿ?